ಎನ್ನ

ಬಂದ್ಯೋಡಿನ ಗದ್ದೆಯಲ್ಲಿ ಕೊಯ್ಲು ಮುಗಿದ ಮೇಲೆ
ಕೂಳೆ ಚುಚ್ಚುವ ನೆಲಕ್ಕೆ ಸುಣ್ಣದ ಗೆರೆ ಬೀಳುತ್ತದೆ,
ಬಿದಿರಿನ ಗ್ಯಾಲರಿ ಏಳುತ್ತದೆ.
ಏಳು ಜನರ ತಂಡ, ಮಾತು ಐದು ಬಗೆ.
ಚೆಂಡು ಮೇಲಿಂದ ಇಳಿಯುವಾಗ ವ್ಯಾಕರಣಕ್ಕೆ ಪುರುಸೊತ್ತಿಲ್ಲ,
ಅದಕ್ಕೇ ಖಲಂದರ್ ಒಂದೇ ಶಬ್ದ ಇಟ್ಟುಕೊಂಡಿದ್ದ:
ಎನ್ನ!

ನಮ್ಮ ಮನೆಯಲ್ಲಿ ಅದು
ಅಕ್ಕನ ಬಾಳೆಯಿಂದ ಹಪ್ಪಳ ಕಸಿಯುವಾಗಿನ ಮಾತು.
ಚನಿಯನ ತುಳುವಿನಲ್ಲೂ ಅದೇ.
ಗೋಲು ಕಾಯುವ ವಿಕ್ಟರನಿಗೆ
ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತ ವಚನದ ಚೂರು.
ಖಲಂದರನ ಬ್ಯಾರಿಯಲ್ಲಿ ಅದಕ್ಕೊಂದು ಬಾಲವಿತ್ತಂತೆ,
ನಮಗೆಲ್ಲ ತಿಳಿಯಲೆಂದು ಕತ್ತರಿಸಿಕೊಂಡಿದ್ದ.
ಅವನು ಕೂಗಿದರೆ ನಾವು ಸರಿಯುತ್ತಿದ್ದೆವು,
ಗಲ್ಲಿಯಲ್ಲಿ ಬಸ್ಸಿಗೆ ದಾರಿ ಬಿಟ್ಟ ಹಾಗೆ.

ಆ ಹಿಮ್ಮುಖದ ಪಾಸ್ ಗಿಡ್ಡವಾಯಿತು. ಅದು ನನ್ನದು.
ಪಯ್ಯನ್ನೂರಿನವನು ಜಾರಿಕೊಂಡು ಬಂದ. ಇವನೂ ಬಂದ.
ಹಸಿ ಮಡಲು ಮುರಿದ ಸದ್ದು.
ಮೈಕಿನವನು ಲಕ್ಕಿ ಡಿಪ್ಪಿನ ನಂಬರು ಓದುತ್ತಲೇ ಇದ್ದ.

ತಲಪಾಡಿಯ ಟೋಲಿನಲ್ಲಿ ಸಾಲು.
ಅಂದುಂಞಿಚ್ಚನ ಓಮ್ನಿಯಲ್ಲಿ ಅವನ ಕಾಲು ನನ್ನ ತೊಡೆಯ ಮೇಲೆ;
ಬೂಟು ಬಿಚ್ಚಲು ಯಾರಿಗೂ ಧೈರ್ಯವಿರಲಿಲ್ಲ.
ಮಂಗಳೂರಿನ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ಕೇಳಿದರು:
ಕೆಲಸ ಏನು?
ಟೈಲ್ಸ್ ಹಾಸುವುದು, ಎಂದ.
ಡಾಕ್ಟರು ಫಿಲ್ಮನ್ನು ಕೆಳಗಿಟ್ಟರು.

ಆಮೇಲೆ ತಂಡ ಏನು ಮಾಡಿತು ಎಂದರೆ,
ರಶೀದಿ ಪುಸ್ತಕ ಹಿಡಿದು ಪೈವಳಿಕೆಯವರೆಗೂ ನಡೆಯಿತು.
ಚನಿಯ ಹೊಸ ಬೂಟು ಮಾರಿದ; ಕೇಳಿದರೆ, ಕಚ್ಚುತ್ತಿತ್ತು ಎಂದ.
ಪಯ್ಯನ್ನೂರಿನಿಂದ ಹೆಸರಿಲ್ಲದ ಒಂದು ಲಕೋಟೆ ಬಂತು.
ತಪ್ಪು ನನ್ನದು, ಮುಂದೆ ಬರಬೇಕಿತ್ತು, ಎಂದ ವಿಕ್ಟರ್.
ನೆಲದ್ದು, ಕೂಳೆ ಕೀಳಿಸಬೇಕಿತ್ತು, ಎಂದ ಚನಿಯ.
ಆ ರಾತ್ರಿಯ ಆಟ ಒಪ್ಪಿಕೊಂಡದ್ದೇ ನಾನು, ಎಂದ ಅಂದುಂಞಿಚ್ಚ.
ಇಷ್ಟು ಮಂದಿ ಹಂಚಿಕೊಂಡ ಮೇಲೆ
ನನ್ನ ಪಾಲಿಗೆ ಏನೂ ಉಳಿಯಲಿಲ್ಲ.
ನಾನೂ ಕೇಳಲಿಲ್ಲ.

ನಾಲ್ಕನೇ ನಂಬರಿನ ಅಂಗಿ ಹದಿನೇಳರ ಸುಕೇಶನಿಗೆ.
ಹುಡುಗ ಚೆನ್ನಾಗಿಯೇ ಆಡುತ್ತಿದ್ದ, ಬಾಯಿಲ್ಲದವನ ಹಾಗೆ.
ಚೆಂಡು ಇಳಿದಾಗ ನಾವು ಇಬ್ಬಿಬ್ಬರು ಡಿಕ್ಕಿ ಹೊಡೆದೆವು
ಇಲ್ಲವೇ ಇಬ್ಬರೂ ಬಿಟ್ಟೆವು.
ಮೂರು ಪಂದ್ಯ ಸೋತೆವು.

ಮಾರ್ಚಿಯಲ್ಲಿ ಅವನು ಬಂದ, ಕಂಕುಳಲ್ಲಿ ಊರುಗೋಲು.
ಗೆರೆಯಾಚೆ ನೀಲಿ ಪ್ಲಾಸ್ಟಿಕ್ ಕುರ್ಚಿ,
ಕಾಲಿಗೆ ಇನ್ನೊಂದು ಕುರ್ಚಿ.
ಒಂದು ಒಂದು. ಮುಗಿಯಲು ನಾಲ್ಕು ನಿಮಿಷ.
ಉಪ್ಪಳದವರ ಕಾರ್ನರು ದೀಪಗಳ ಮೇಲಕ್ಕೆ ಹೋಗಿ
ಕಾಣದಾಗಿ, ಮತ್ತೆ ಕಂಡು, ಇಳಿಯುವಾಗ
ಕುರ್ಚಿಯಿಂದ ಬಂತು:
ಎನ್ನ!

ನಾವೆಲ್ಲ ಸರಿದೆವು.
ಸುಕೇಶನೂ ಸರಿದ, ಅವನಿಗೆ ಯಾರು ಕಲಿಸಿದರೋ.
ಬಿಟ್ಟ ಜಾಗದಲ್ಲಿ ಚೆಂಡು ಒಮ್ಮೆ ಪುಟಿದು
ಯಾರನ್ನೋ ಕಾದಂತಿತ್ತು.
ಅವರ ಹುಡುಗನೊಬ್ಬ ನಾಚಿಕೊಂಡೇ ಒಳಗೆ ತಳ್ಳಿದ.

ಗ್ಯಾಲರಿಗೆ ಮಾತಿಲ್ಲ.
ಖಲಂದರ್ ಬೈರಾಸಿನಲ್ಲಿ ಮುಖ ಮುಚ್ಚಿಕೊಂಡಿದ್ದ,
ಭುಜ ಅಲುಗುತ್ತಿತ್ತು.
ಹತ್ತಿರ ಹೋದ ಮೇಲೆ ಗೊತ್ತಾಯಿತು: ನಗು.
ಹೆಚ್ಚಿನ ಪಾಲು ನಗು.

ರಾತ್ರಿ ಎರಡೂ ಕುರ್ಚಿ ತಲೆಯ ಮೇಲೆ ಹೊತ್ತು
ಅವನ ಹೆಜ್ಜೆಗೆ ನನ್ನದನ್ನು ಗಿಡ್ಡ ಮಾಡಿಕೊಂಡು ನಡೆದೆ.
ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸು, ಉದ್ದದ್ದು.
ಆ ಪಾಸ್, ಎಂದೆ, ಗಾಲಿಗಳ ಸದ್ದಿನೊಳಗೆ,
ಎನ್ನ.

ಕೇಳಿಸಿತೋ ಇಲ್ಲವೋ.
ಗೇಟು ಎದ್ದ ಮೇಲೆ, ಹಳಿ ದಾಟಲು ನನ್ನ ಹೆಗಲು ಹಿಡಿದು
ಆ ಹುಡುಗನಿಗೆ ಕೂಗುವುದು ಕಲಿಸಬೇಕು ಮಾರಾಯ,
ಎಂದ.